ನಾನೇ ಮಾಡಿದ ಗ್ರಿಪ್ಪರ್ (ವಸ್ತು ಹಿಡಿಯುವ ಕೈ) ಹಾಕಿದ ಮೇಲೆ ರೋಬೋ ತೋಳು ಪದೇ ಪದೇ ನಿಲ್ಲುತ್ತಿದೆ. 5 ಕೆಜಿ ತೋಳು, 2 ಕೆಜಿ ಕೂಡ ಇಲ್ಲ ಭಾರ!

ಲೇತ್‌ಮಂಜ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಚಿಕ್ಕ ಶೆಡ್. ಮೂರು ಸಿಎನ್‌ಸಿ ಲೇತ್ ಇವೆ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಆರು ಆಕ್ಸಿಸ್ ರೋಬೋ ತೋಳು ತಂದೆ. 5 ಕೆಜಿ ಎತ್ತುವಂಥದ್ದು. ಕೆಲಸ ಬಹಳ ಸರಳ: ಟ್ರೇಯಿಂದ ಬುಷ್ (ನಡುವೆ ತೂತಿರುವ ಗುಂಡು ತುಂಡು) ಎತ್ತಬೇಕು, ಲೇತ್‌ನಲ್ಲಿ ಅದನ್ನು ಕಚ್ಚಿ ಹಿಡಿಯುವ ಚಕ್‌ಗೆ ಕೊಡಬೇಕು, ಮುಗಿದದ್ದನ್ನು ಇನ್ನೊಂದು ಟ್ರೇಗೆ ಇಡಬೇಕು.

ಬುಷ್ ಇಎನ್8 ಸ್ಟೀಲು. ಹೊರಗೆ 45 ಎಂಎಂ, ಬೋರ್ (ಒಳಗಿನ ತೂತು) 26 ಎಂಎಂ, ಉದ್ದ 50 ಎಂಎಂ. ತೂಕ 415 ಗ್ರಾಂ. ಇದು ಸೆಕೆಂಡ್ ಆಪರೇಷನ್, ಅಂದರೆ ಬೋರ್ ಆಗಲೇ ಆಗಿರುತ್ತದೆ.

ರೆಡಿಮೇಡ್ ಗ್ರಿಪ್ಪರ್ ರೇಟು ಕೇಳಿ ತಲೆ ತಿರುಗಿತು. ಹಾಗಾಗಿ ಗಾಳಿಯಲ್ಲಿ ನಡೆಯುವ ಎರಡು ಬೆರಳಿನ ಸಿಲಿಂಡರ್ ಮಾತ್ರ ಕೊಂಡೆ. ಉಳಿದದ್ದೆಲ್ಲ ನಂದೇ. ಅಲ್ಯೂಮಿನಿಯಂ ಎಲ್ ಪ್ಲೇಟು, ಅದಕ್ಕೆ ಸಿಲಿಂಡರ್, ಅದರ ತುದಿಗೆ ಪಿಎಲ್ಎ ಪ್ಲಾಸ್ಟಿಕ್ಕಲ್ಲಿ 3ಡಿ ಪ್ರಿಂಟ್ ಮಾಡಿದ 120 ಎಂಎಂ ಉದ್ದದ ಬೆರಳು. ಚಕ್‌ನ ಜಾಗಳಿಗೆ (ಕಚ್ಚುವ ಹಲ್ಲುಗಳಿಗೆ) ತಾಗಬಾರದು ಅಂತ ಅಷ್ಟು ಉದ್ದ ಮಾಡಿದ್ದು. ಒಟ್ಟು 1.35 ಕೆಜಿ. ಫೋಟೋ ಹಾಕಿದ್ದೇನೆ.

ತೊಂದರೆ ಮೂರು.

1. ಜೋರಾಗಿ ಓಡಿಸಿದರೆ ಮಧ್ಯದಲ್ಲೇ ನಿಂತು, ಯಾವುದಕ್ಕೋ ಗುದ್ದಿದೆ ಅಂತ ಪರದೆ ಮೇಲೆ ತೋರಿಸುತ್ತದೆ. ಅಲ್ಲಿ ಗುದ್ದುವುದಕ್ಕೆ ಏನೂ ಇಲ್ಲ.
2. ಟ್ರೇಯ ನಾಲ್ಕು ಮೂಲೆ ತೋರಿಸಿ ಪ್ರೋಗ್ರಾಂ ಮಾಡಿದೆ. ಮೊದಲ ಮೂಲೆ ಸರಿ, ಆಮೇಲೆ 2-3 ಎಂಎಂ ಆಚೀಚೆ.
3. ಕೂಲೆಂಟ್ (ಲೋಹ ಕೊರೆಯುವಾಗ ತಂಪಿಗೆ ಸುರಿಯುವ ದ್ರವ) ಮೆತ್ತಿದ ಬುಷ್ ಜಾರುತ್ತದೆ. ನಿನ್ನೆ ಒಂದು ಲೇತ್ ಬೆಡ್ ಮೇಲೆ ಬಿತ್ತು.

ತೋಳಿನಲ್ಲೇ ದೋಷ ಇದೆಯಾ? ಸೆಕೆಂಡ್ ಹ್ಯಾಂಡ್ ತಂದು ಟೋಪಿ ಹಾಕಿಸಿಕೊಂಡೆನಾ?

---

ಸ್ಟುಟ್‌ಗಾರ್ಟ್ ಕನ್ನಡಿಗ · ಸೋಮವಾರ, ರಾತ್ರಿ 10:25

ಮಂಜಣ್ಣ, ತೋಳನ್ನು ಬೈಯುವ ಮೊದಲು ಒಂದು ಪ್ರಶ್ನೆ. ಸೆಟ್ಟಿಂಗ್‌ನಲ್ಲಿ ಪೇಲೋಡ್ (ತೋಳಿನ ತುದಿಯ ಭಾರ) ಎಷ್ಟು ಅಂತ ಹಾಕಿದ್ದೀರಿ? ಟೂಲ್ ಸೆಂಟರ್ ಪಾಯಿಂಟ್ (ಕೆಲಸ ಮಾಡುವ ತುದಿ) ಎಲ್ಲಿ ಅಂತ ಹೇಳಿದ್ದೀರಿ?

ಇನ್ನೊಂದು ಪರೀಕ್ಷೆ. ಕೈಯಿಂದ ಎಳೆದು ಪಾಠ ಹೇಳುವ ಬಟನ್ ಒತ್ತಿ, ತೋಳನ್ನು ಮುಟ್ಟದೆ ನೋಡಿ. ಮೆಲ್ಲಗೆ ತಾನಾಗಿ ಕೆಳಗೆ ಜಾರುತ್ತದಾ? ಒಂದು ಕೈ ಹತ್ತಿರದಲ್ಲೇ ಇರಲಿ.

---

ಲೇತ್‌ಮಂಜ · ಸೋಮವಾರ, ರಾತ್ರಿ 10:50

ಪೇಲೋಡ್ ಸೊನ್ನೆ ಇದೆ. ಬಂದಾಗ ಹಾಗೇ ಇತ್ತು, ನಾನು ಮುಟ್ಟಿಲ್ಲ. ಅದು ತಾನೇ ತೂಗಿಕೊಳ್ಳುತ್ತದೆ ಅಂದುಕೊಂಡಿದ್ದೆ. ಸೆಂಟರ್ ಪಾಯಿಂಟಲ್ಲೂ ಮೂರು ಸೊನ್ನೆ.

ಹೌದು, ಜಾರುತ್ತದೆ. ಬಟನ್ ಒತ್ತಿದ ತಕ್ಷಣ ನಿದ್ದೆ ಬಂದವರ ತಲೆ ಥರ ಕೆಳಗೆ ವಾಲುತ್ತದೆ. ಇದು ಮಾಮೂಲು ಅಂದುಕೊಂಡಿದ್ದೆ.

---

ಸ್ಟುಟ್‌ಗಾರ್ಟ್ ಕನ್ನಡಿಗ · ಸೋಮವಾರ, ರಾತ್ರಿ 11:15

ಹಾಗಾದರೆ ತೋಳು ಚೆನ್ನಾಗಿದೆ. ಟೋಪಿ ಬಿದ್ದಿಲ್ಲ.

ಈ ಜಾತಿಯ ತೋಳು ಪ್ರತಿ ಕೀಲಿಗೂ ಎಷ್ಟು ಬಲ ಬೇಕು ಅಂತ ಮೊದಲೇ ಲೆಕ್ಕ ಹಾಕುತ್ತದೆ. ಆಮೇಲೆ ಮೋಟಾರ್ ನಿಜವಾಗಿ ಎಷ್ಟು ಕರೆಂಟ್ ಎಳೆಯಿತು ಅಂತ ನೋಡುತ್ತದೆ. ಎರಡೂ ತಾಳೆ ಆಗದಿದ್ದರೆ, ಯಾರಿಗೋ ತಾಗಿದೆ ಅಂತ ತಿಳಿದು ನಿಲ್ಲುತ್ತದೆ. ನಿಮ್ಮದರಲ್ಲಿ ಗ್ರಿಪ್ಪರ್ 1.35, ಬುಷ್ 0.415, ಒಟ್ಟು ಸುಮಾರು 1.77 ಕೆಜಿ ನೇತಾಡುತ್ತಿದೆ. ತೋಳಿಗೆ ಮಾತ್ರ ಕೈ ಖಾಲಿ ಅಂತ ಹೇಳಿದ್ದೀರಿ. ನಿಧಾನಕ್ಕೆ ಹೋದರೆ ವ್ಯತ್ಯಾಸ ಕಮ್ಮಿ, ಹೇಗೋ ಸಹಿಸಿಕೊಳ್ಳುತ್ತದೆ. ಜೋರಾಗಿ ಹೋಗಿ ಬ್ರೇಕ್ ಹಾಕಿದಾಗ ಅದಕ್ಕೆ ಗಾಬರಿ. ಭಾರ ಜಾಸ್ತಿ ಆಗಿ ನಿಂತದ್ದಲ್ಲ, ಭಾರ ಹೇಳದೇ ಇದ್ದದ್ದಕ್ಕೆ ನಿಂತದ್ದು.

ಎರಡು ಪೇಲೋಡ್ ಹಾಕಬೇಕು. ಖಾಲಿ ಗ್ರಿಪ್ಪರ್‌ಗೆ ಒಂದು, ಬುಷ್ ಹಿಡಿದಾಗ ಇನ್ನೊಂದು. ಪ್ರೋಗ್ರಾಂನಲ್ಲಿ ಬೆರಳು ಹಿಡಿದ ಮರು ಸಾಲಿನಲ್ಲೇ ಬದಲಾಯಿಸಿ. ಬಿಟ್ಟ ಮೇಲೆ ಮತ್ತೆ ಹಿಂದಕ್ಕೆ.

ತೂಕ ಒಂದೇ ಸಾಲದು, ಗುರುತ್ವ ಕೇಂದ್ರವೂ ಬೇಕು. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಗ್ರಿಪ್ಪರ್ ಬಿಚ್ಚಿ, ಆರು ಮೂಲೆಯ ಪೆನ್ಸಿಲ್ ಮೇಲೆ ಅಡ್ಡ ಇಟ್ಟು ತೂಗಾಡಿಸಿ. ಎಲ್ಲಿ ಸಮ ನಿಲ್ಲುತ್ತದೋ ಅಲ್ಲಿ ಮಾರ್ಕರ್‌ನಲ್ಲಿ ಗೆರೆ. ಇನ್ನೊಂದು ದಿಕ್ಕಿಗೂ ಹಾಗೇ. ಫ್ಲಾಂಜ್ (ಗ್ರಿಪ್ಪರ್ ಕೂರುವ ಮಣಿಕಟ್ಟಿನ ಬಿಲ್ಲೆ) ಮುಖದಿಂದ ಆ ಗೆರೆಗೆ ಎಷ್ಟು ಅಂತ ವರ್ನಿಯರ್ ಇಟ್ಟು ಅಳೆಯಿರಿ. 5 ಎಂಎಂ ತಪ್ಪಿದರೆ ಪ್ರಪಂಚ ಮುಳುಗಲ್ಲ.

---

ವಿಎಂಸಿ_ವೀಣಾ · ಮಂಗಳವಾರ, ಬೆಳಿಗ್ಗೆ 7:30

ಎರಡನೇ ತೊಂದರೆಗೆ ನಾನು ಬರುತ್ತೇನೆ. ಹದಿನಾಲ್ಕು ವರ್ಷದಿಂದ ಫಿಕ್ಸ್ಚರ್ ಡಿಸೈನ್ ಮಾಡುತ್ತಿದ್ದೇನೆ. ನಿಮ್ಮ ಫೋಟೋ ನೋಡಿದ ತಕ್ಷಣ ಕಣ್ಣಿಗೆ ಬಿದ್ದದ್ದು ಒಂದೇ: ಡೋವೆಲ್ ಪಿನ್ (ಜಾಗ ಹಿಡಿದಿಡುವ ಪಿನ್ನು) ಎಲ್ಲಿ?

ನಿಮ್ಮ ತೋಳಿನ ಮಣಿಕಟ್ಟಿನ ಫ್ಲಾಂಜ್ ಐಎಸ್ಒ 9409 ಅಳತೆ ಪ್ರಕಾರ ಇದೆ. 50 ಎಂಎಂ ಪಿಚ್ ಸರ್ಕಲ್ (ಬೋಲ್ಟುಗಳು ಕೂರುವ ವೃತ್ತ) ಮೇಲೆ ನಾಲ್ಕು ಎಂ6 ಬೋಲ್ಟು, ನಡುವೆ 31.5 ಎಂಎಂ ಬೋರ್, ಪಕ್ಕದಲ್ಲಿ 6 ಎಂಎಂ ಪಿನ್ನಿನ ತೂತು. ಬೋಲ್ಟು ಇರುವುದು ಬಿಗಿಯುವುದಕ್ಕೆ, ಜಾಗ ಹಿಡಿಯುವುದಕ್ಕಲ್ಲ. ನಡುವಿನ ಬೋರ್ ಸೆಂಟರ್ ಕೊಡುತ್ತದೆ, ಪಿನ್ನು ತಿರುಗದಂತೆ ತಡೆಯುತ್ತದೆ. ನೀವು ಎರಡನ್ನೂ ಬಿಟ್ಟು, ಪ್ಲೇಟಿಗೆ ನಾಲ್ಕು 6.6 ಎಂಎಂ ತೂತು ಕೊರೆದು ಬೋಲ್ಟು ಹಾಕಿದ್ದೀರಿ.

ಲೆಕ್ಕ ನೋಡಿ. 6.6ರಲ್ಲಿ 6, ಅಂದರೆ ಒಂದೊಂದು ಕಡೆಗೆ 0.3 ಎಂಎಂ ಸಡಿಲ. 25 ಎಂಎಂ ತ್ರಿಜ್ಯದಲ್ಲಿ ಅದು ಸುಮಾರು 0.7 ಡಿಗ್ರಿ. ನಿಮ್ಮ ಎಲ್ ಪ್ಲೇಟು ಬೆರಳನ್ನು ಪಕ್ಕಕ್ಕೆ 120 ಎಂಎಂ ಒಯ್ಯುತ್ತದೆ. ಅಲ್ಲಿಗೆ 1.4 ಎಂಎಂ ಆಯಿತು. ಮೊನ್ನೆ ಬುಷ್ ಬಿದ್ದಾಗ ಪ್ಲೇಟು ಒಂಚೂರು ತಿರುಗಿದ್ದರೂ ನಿಮಗೆ ಗೊತ್ತಾಗಿರಲ್ಲ.

ಬೋಲ್ಟಿನ ಉದ್ದವನ್ನೂ ನೋಡಿ. ಈ ಫ್ಲಾಂಜ್‌ಗಳಲ್ಲಿ ತೂತು ಆಳ ಇರುವುದಿಲ್ಲ. ಉದ್ದ ಬೋಲ್ಟು ತಳ ಮುಟ್ಟಿ ನಿಲ್ಲುತ್ತದೆ. ಸ್ಪಾನರ್‌ಗೆ ಬಿಗಿ ಆದ ಹಾಗೆ ಇರುತ್ತದೆ, ಪ್ಲೇಟು ಮಾತ್ರ ಒಳಗೇ ಅಲ್ಲಾಡುತ್ತಿರುತ್ತದೆ. ಮ್ಯಾನುಯಲ್‌ನಲ್ಲಿ ಎಷ್ಟು ಎಂಎಂ ಒಳಗೆ ಹೋಗಬಹುದು ಅಂತ ಕೊಟ್ಟಿರುತ್ತಾರೆ. ಅದನ್ನು ಪ್ಲೇಟಿನ ದಪ್ಪಕ್ಕೆ ಕೂಡಿಸಿ ಬೋಲ್ಟು ಕೊಳ್ಳಿ. ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಬೇಡಿ.

---

ಸ್ಟುಟ್‌ಗಾರ್ಟ್ ಕನ್ನಡಿಗ · ಮಂಗಳವಾರ, ಮಧ್ಯಾಹ್ನ 12:10

ವೀಣಾ ಮೇಡಂ ಹೇಳಿದ್ದು ಅರ್ಧ ಕಾರಣ. ಇನ್ನರ್ಧ ಆ ಮೂರು ಸೊನ್ನೆ.

ಟೂಲ್ ಸೆಂಟರ್ ಪಾಯಿಂಟ್ ಸೊನ್ನೆ ಅಂದರೆ, ನನ್ನ ಕೈ ಮಣಿಕಟ್ಟಿಗೇ ಮುಗಿಯಿತು ಅಂತ ತೋಳು ನಂಬಿದೆ. ನಿಮ್ಮ ಬೆರಳ ತುದಿ ಇರುವುದು ಅಲ್ಲಿಂದ 210 ಎಂಎಂ ದೂರ. ಟ್ರೇಯ ನಾಲ್ಕು ಮೂಲೆ ಕೈಯಲ್ಲಿ ಎಳೆದು ತೋರಿಸಿದಿರಿ ಅಲ್ವಾ? ಪ್ರತಿ ಮೂಲೆಯಲ್ಲೂ ಮಣಿಕಟ್ಟು ಒಂಚೂರು ಬೇರೆ ಓರೆಯಲ್ಲಿ ಇದ್ದೇ ಇರುತ್ತದೆ, ಮನುಷ್ಯನ ಕೈ ತಾನೇ. ಎಷ್ಟೋ ಟ್ರೇ ಪ್ರೋಗ್ರಾಂಗಳು ನಾಲ್ಕೂ ಮೂಲೆಯ ಜಾಗ ತೆಗೆದುಕೊಳ್ಳುತ್ತವೆ, ಓರೆಯನ್ನು ಮಾತ್ರ ಮೊದಲ ಮೂಲೆಯದ್ದೇ ಇಟ್ಟುಕೊಳ್ಳುತ್ತವೆ. ಅದಕ್ಕೇ ನಿಮ್ಮ ಮೊದಲ ಮೂಲೆ ಸರಿ, ಉಳಿದದ್ದು ತಪ್ಪು. 210 ಎಂಎಂ ಉದ್ದಕ್ಕೆ 1 ಡಿಗ್ರಿ ಓರೆ ಅಂದರೆ ತುದಿಯಲ್ಲಿ 3.7 ಎಂಎಂ.

ಸರಿ ಮಾಡುವುದು ಹೀಗೆ. ಮೇಜಿನ ಮೇಲೆ ಒಂದು ಚೂಪು ಪಿನ್ನು ನಿಲ್ಲಿಸಿ, ಅಲ್ಲಾಡಬಾರದು. ಇನ್ನೊಂದು ಚೂಪು ಕಡ್ಡಿಯನ್ನು ಲೇತ್‌ನಲ್ಲಿ ಮಾಡಿ ಗ್ರಿಪ್ಪರ್‌ಗೆ ಕಚ್ಚಿಸಿ. ಎರಡೂ ತುದಿ ಮುಟ್ಟುವ ಹಾಗೆ ನಾಲ್ಕು ಬೇರೆ ಬೇರೆ ಓರೆಯಿಂದ ತೋಳನ್ನು ತಂದು, ಪ್ರತಿ ಸಲ ಪಾಯಿಂಟ್ ಸೇವ್ ಮಾಡಿ. ಓರೆಗಳು ಚೆನ್ನಾಗಿ ಬೇರೆ ಇರಲಿ, 40-50 ಡಿಗ್ರಿ. ನಾಚಿಕೊಂಡು 5 ಡಿಗ್ರಿ ತಿರುಗಿಸಿದರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ. ಮುಗಿದ ಮೇಲೆ ತುದಿಯ ಸುತ್ತ ತಿರುಗು ಅಂತ ಹೇಳಿ ನೋಡಿ. ತೋಳೆಲ್ಲ ಸುತ್ತಬೇಕು, ಸೂಜಿ ಮೊನೆ ಮಾತ್ರ ಕೂತಲ್ಲೇ ಕೂತಿರಬೇಕು. ಮೊದಲ ಸಲ ನೋಡಿದಾಗ ಖುಷಿಯಾಗುತ್ತದೆ, ಸುಮ್ನೆ ಹೇಳುತ್ತಿಲ್ಲ.

---

ಹುಬ್ಳಿ_ಹುಡುಗ · ಮಂಗಳವಾರ, ಸಂಜೆ 6:05

ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನಂದು ಇಷ್ಟು ದೊಡ್ಡ ತೋಳಲ್ಲ. ಫೈನಲ್ ಇಯರ್ ಪ್ರಾಜೆಕ್ಟು. ಎಂಜಿ996ಆರ್ ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಮೋಟಾರ್) ಐದು ಹಾಕಿ ಮಾಡಿದ ತೋಳು. ಪೆನ್ನು ಹಿಡಿಯುವ ತುದಿ ಒಂದು, ಗ್ರಿಪ್ಪರ್ ಒಂದು ಪ್ರಿಂಟ್ ಮಾಡಿದ್ದೇನೆ. ಗ್ರಿಪ್ಪರ್ ಡಬ್ಬಿ ಹಿಡಿದ ತಕ್ಷಣ ತೋಳೆಲ್ಲ ನಡುಗಿ, ಆರ್ಡುಯಿನೋ (ಕಂಟ್ರೋಲ್ ಬೋರ್ಡು) ರೀಸೆಟ್ ಆಗುತ್ತದೆ. ಎರಡು ಸರ್ವೋ ಸುಟ್ಟೂ ಹೋದವು. ಕೋಡ್ ನಾಲ್ಕು ಸಲ ಬರೆದೆ. ಮುಂದಿನ ವಾರ ವೈವಾ ಐತ್ರಿ.

---

ಕಡಲತೀರ_ಮೇಕರ್ · ಮಂಗಳವಾರ, ಸಂಜೆ 7:20

ಕೋಡಿಗೆ ಎಂತ ಆಗಲಿಲ್ಲ ಮಾರಾಯ. ಸರ್ವೋಗಳಿಗೆ ಕರೆಂಟ್ ಎಲ್ಲಿಂದ ಕೊಟ್ಟದ್ದು? ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದಲೇ ಅಂತಾದರೆ ಅಲ್ಲೇ ಉಂಟು ಸಮಸ್ಯೆ. ಆ ಸರ್ವೋ ಸಿಕ್ಕಿಬಿದ್ದಾಗ ಒಂದೊಂದೇ 2.5 ಆಂಪ್ಸ್ ಹತ್ತಿರ ಎಳೆಯುತ್ತದೆ. ಐದು ಸೇರಿ ಎಳೆದರೆ ಪಾಪದ ಬೋರ್ಡು ಏನು ಮಾಡಬೇಕು?

5 ಅಥವಾ 6 ವೋಲ್ಟಿನ, 10 ಆಂಪ್ಸಿನ ಬೇರೆ ಪವರ್ ಸಪ್ಲೈ ತೆಗೊಳ್ಳಿ. ಸರ್ವೋಗಳಿಗೆ ಅದರಿಂದ ನೇರ ದಪ್ಪ ವಯರು. ಗ್ರೌಂಡ್ ಮಾತ್ರ ಆರ್ಡುಯಿನೋ ಜೊತೆ ಸೇರಿಸಲೇಬೇಕು, ಇದನ್ನು ಮರೆತರೆ ಸರ್ವೋ ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ. ಸಪ್ಲೈ ತುದಿಗೆ 1000 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್.

ಸುಟ್ಟದ್ದು ಗ್ರಿಪ್ಪರಿನ ಸರ್ವೋನೇ ಇರಬೇಕು. ನೀವು ಅದಕ್ಕೆ ಪೂರ್ತಿ ಮುಚ್ಚು ಅಂತ ಹೇಳಿರ್ತೀರಿ. ನಡುವೆ ಡಬ್ಬಿ ಉಂಟು, ಮುಚ್ಚಲಿಕ್ಕೆ ಆಗುವುದಿಲ್ಲ. ಅದು ಬಿಡದೆ ಒತ್ತುತ್ತಲೇ ಇರುತ್ತದೆ, ಬಿಸಿ ಆಗಿ ಸಾಯುತ್ತದೆ. ನಾನು ಮಾಡಿದ ಉಪಾಯ: ಸರ್ವೋದ ಕೈಗೂ ಬೆರಳಿಗೂ ನಡುವೆ ಹಳೇ ಬಾಲ್ ಪೆನ್ನಿನ ಸ್ಪ್ರಿಂಗ್ ಎರಡು. ಡಬ್ಬಿ ಮುಟ್ಟಿದ ಮೇಲೆ ಇನ್ನು ಸ್ವಲ್ಪ ಮುಚ್ಚುವಷ್ಟು ಮಾತ್ರ ಕೋನ ಕೊಡುವುದು. ಹಿಡಿತ ಸ್ಪ್ರಿಂಗಿನದ್ದು, ಸರ್ವೋಗೆ ಆರಾಮ.

ದುಡ್ಡು ಉಂಟಾದರೆ ಎಸ್‌ಟಿಎಸ್3215 ಥರದ ಸೀರಿಯಲ್ ಸರ್ವೋ ತೆಗೊಳ್ಳಿ. ಅದು ಎಷ್ಟು ಒತ್ತಡ ಬೀಳುತ್ತಾ ಉಂಟು ಅಂತ ವಾಪಸ್ ಹೇಳುತ್ತದೆ, ಬಲಕ್ಕೆ ಮಿತಿಯೂ ಹಾಕಬಹುದು. ವೈವಾಗೆ ಸ್ಪ್ರಿಂಗ್ ಸಾಕು.

---

ಹಾಸನದ ಮೇಷ್ಟ್ರು · ಮಂಗಳವಾರ, ರಾತ್ರಿ 9:00

ಹುಬ್ಬಳ್ಳಿಯ ಹುಡುಗ, ನಿನಗೆ ಇನ್ನೊಂದು ಗ್ರಿಪ್ಪರ್ ಹೇಳುತ್ತೇನೆ. ಬೆರಳೇ ಇಲ್ಲದ್ದು. ಖರ್ಚು ಒಂದು ಬಲೂನು, ಒಂದು ಮುಷ್ಟಿ ಕಾಫಿಪುಡಿ.

2010ರಲ್ಲಿ ಅಮೆರಿಕದ ಕಾರ್ನೆಲ್, ಶಿಕಾಗೋ ವಿಶ್ವವಿದ್ಯಾಲಯಗಳು ಮತ್ತು ಐರೋಬಾಟ್ ಕಂಪನಿಯವರು ಸೇರಿ ತೋರಿಸಿದ್ದು. ಬಲೂನಿನೊಳಗೆ ಕಾಫಿಪುಡಿ ತುಂಬಿ ವಸ್ತುವಿನ ಮೇಲೆ ಒತ್ತಿದರೆ, ಪುಡಿ ಹರಿದು ಅದರ ಆಕಾರಕ್ಕೆ ಕೂರುತ್ತದೆ. ಆಗ ಒಳಗಿನ ಗಾಳಿ ಎಳೆದರೆ ಕಾಳು ಕಾಳು ಒಂದಕ್ಕೊಂದು ಸಿಕ್ಕಿಕೊಂಡು ಕಲ್ಲಾಗುತ್ತದೆ. ಅಂಗಡಿಯಲ್ಲಿ ಗಾಳಿ ತೆಗೆದ ಕಾಫಿ ಪ್ಯಾಕೆಟ್ ಇಟ್ಟಿಗೆ ಥರ ಇರುತ್ತದೆ, ಕತ್ತರಿ ಹಾಕಿದ ತಕ್ಷಣ ಮೆತ್ತಗಾಗುತ್ತದೆ ನೋಡು, ಅದೇ ಗುಟ್ಟು.

ನಮ್ಮ ಪಾಲಿಟೆಕ್ನಿಕ್‌ನಲ್ಲಿ ಮಾಡಿಸಿದೆ. ಹುಡುಗರು ಮನೆಯಿಂದ ಪುಡಿ ತಂದರು. ಮೊದಲ ದಿನ ಮೊಳೆ, ಬೀಗದ ಕೈ, ಕೋಳಿಮೊಟ್ಟೆ ಎಲ್ಲ ಎತ್ತಿತು. ಮೂರನೇ ದಿನ ಏನೂ ಎತ್ತದು. ಬಲೂನು ಬಿಚ್ಚಿ ನೋಡಿದರೆ ಒಳಗೆ ಬೆಲ್ಲದಚ್ಚಿನ ಹಾಗೆ ಗಂಟು. ತಂದದ್ದು ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ! ಚಿಕೋರಿ ತೇವ ಎಳೆಯುತ್ತದೆ, ಮಳೆಗಾಲ ಬೇರೆ. ಆಮೇಲೆ ಸಕಲೇಶಪುರದಿಂದ ಬರುವ ಒಬ್ಬ ಹುಡುಗ ಅವರ ತೋಟದ್ದೇ ಬರೀ ಕಾಫಿ, ತರಿತರಿಯಾಗಿ ಪುಡಿ ಮಾಡಿಸಿ ತಂದ. ಎರಡು ತಿಂಗಳಾಯಿತು, ಇನ್ನೂ ನಡೆಯುತ್ತಿದೆ.

ಗಾಳಿ ಎಳೆಯುವುದಕ್ಕೆ 50 ಎಂಎಲ್ ಸಿರಿಂಜ್ ಸಾಕು. ಟ್ಯೂಬಿನ ಬಾಯಿಗೆ ತೆಳು ಬಟ್ಟೆ ಕಟ್ಟು, ಇಲ್ಲದಿದ್ದರೆ ಪುಡಿಯೂ ಸಿರಿಂಜಿಗೆ ಬರುತ್ತದೆ. ಚಪ್ಪಟೆ ತಗಡು ಎತ್ತುವುದಿಲ್ಲ, ಅದಕ್ಕೆ ಹೋಗಬೇಡ.

---

ಲೇತ್‌ಮಂಜ · ಬುಧವಾರ, ರಾತ್ರಿ 8:15

ಮೇಷ್ಟ್ರೇ, ಕಾಫಿಪುಡಿಯಲ್ಲಿ ಇಎನ್8 ಬುಷ್ ಎತ್ತುವ ಹಾಗಿದ್ದಿದ್ದರೆ ನಾನು ಪೀಣ್ಯ ಬಿಟ್ಟು ಚಿಕ್ಕಮಗಳೂರಿಗೆ ಹೋಗುತ್ತಿದ್ದೆ.

ವರದಿ: ಪೇಲೋಡ್ ಹಾಕಿದೆ, ಎರಡೂ. ಅಡುಗೆಮನೆ ತಕ್ಕಡಿ, ಮಗಳ ಪೆನ್ಸಿಲ್. ನಿಲ್ಲುವುದು ನಿಂತಿತು! ಅದೇ ಸ್ಪೀಡು, ಇವತ್ತು ಒಂದು ಸಲವೂ ನಿಂತಿಲ್ಲ. ಕೈ ಬಿಟ್ಟರೆ ಗಾಳಿಯಲ್ಲಿ ಹಾಗೇ ನಿಲ್ಲುತ್ತದೆ, ವಾಲುವುದಿಲ್ಲ. ಪ್ಲೇಟಿಗೆ 31.5ರ ಸ್ಪಿಗಟ್ (ಬೋರಿನೊಳಗೆ ಕೂರುವ ಗುಂಡು ಉಬ್ಬು) ಟರ್ನ್ ಮಾಡಿ ಕೂರಿಸಿದೆ, ಪಿನ್ನೂ ಹಾಕಿದೆ. ವೀಣಾ ಮೇಡಂ, ನಿಮ್ಮ ಊಹೆ ಸರಿ. ಎರಡು ಬೋಲ್ಟು ತಳ ಮುಟ್ಟಿ ನಿಂತಿದ್ದವು.

ಜಾರುವುದು ಮಾತ್ರ ಹಾಗೇ ಇದೆ. ಬೆರಳಿಗೆ ರಬ್ಬರ್ ಅಂಟಿಸಿದೆ. ಅರ್ಧ ದಿನದಲ್ಲಿ ಕೂಲೆಂಟ್‌ಗೆ ಕಿತ್ತು ಬಂತು. ಗಾಳಿ ಪ್ರೆಷರ್ ಏರಿಸಿದರೆ ಬೆರಳೇ ಬಾಗುತ್ತದೆ.

---

ವಿಎಂಸಿ_ವೀಣಾ · ಬುಧವಾರ, ರಾತ್ರಿ 9:30

ಮೊದಲು ಎಷ್ಟು ಬಲ ಬೇಕು ನೋಡೋಣ. ಬುಷ್ 0.415 ಕೆಜಿ. ಗುರುತ್ವ 9.8, ತೋಳಿನ ವೇಗ ಬದಲಾವಣೆಗೆ ಒಂದು 5 ಸೇರಿಸಿ. 0.415 ಇಂಟು 14.8, ಸುಮಾರು 6 ನ್ಯೂಟನ್. ಅದನ್ನು ಹಿಡಿದಿಡುವುದು ಎರಡು ಬೆರಳಿನ ಘರ್ಷಣೆ ಮಾತ್ರ. ಎಣ್ಣೆ ಮೆತ್ತಿದ ಮೈಗೆ ಘರ್ಷಣೆ 0.1 ಹಿಡಿಯಿರಿ. ಅಲ್ಲಿಗೆ ಒಂದೊಂದು ಬೆರಳೂ 30 ನ್ಯೂಟನ್ ಒತ್ತಬೇಕು. ಎರಡು ಪಟ್ಟು ಭದ್ರತೆಗೆ ಅಂತ ಇಟ್ಟುಕೊಂಡರೆ 60.

ಸಿಲಿಂಡರ್‌ಗೆ ಅದು ಲೆಕ್ಕವೇ ಅಲ್ಲ. 20 ಎಂಎಂ ಪಿಸ್ಟನ್ 5 ಬಾರ್‌ಗೆ 157 ನ್ಯೂಟನ್ ತಳ್ಳುತ್ತದೆ, ನಷ್ಟ ಬಿಟ್ಟು. ಆದರೆ ಬೆರಳು ಉದ್ದವಾದಷ್ಟೂ ತುದಿಯ ಹಿಡಿತ ಇಳಿಯುತ್ತದೆ. ಕ್ಯಾಟಲಾಗ್‌ನಲ್ಲಿ ಇದಕ್ಕೇ ಒಂದು ಗ್ರಾಫ್ ಕೊಟ್ಟಿರುತ್ತಾರೆ, ಯಾರೂ ನೋಡುವುದಿಲ್ಲ. ನಿಮ್ಮದು 120 ಎಂಎಂ, ಅದೂ ಪಿಎಲ್ಎ. ಬಾಗದೆ ಇನ್ನೇನು ಮಾಡುತ್ತದೆ?

ಪ್ರಶ್ನೆ ಬೇರೆ. ಅಷ್ಟು ಉದ್ದ ಯಾಕೆ? ಚಕ್‌ನ ಜಾ ಹೊರಗಿನಿಂದ ಹಿಡಿಯುತ್ತದೆ. ನೀವೂ ಹೊರಗಿನಿಂದ ಹಿಡಿಯುತ್ತೀರಿ. ಇಬ್ಬರೂ ಒಂದೇ ಜಾಗಕ್ಕೆ ಜಗಳ. ಅದಕ್ಕೆ ನೀವು ಬೆರಳು ಉದ್ದ ಮಾಡಿದಿರಿ, ಅದರಿಂದ ಹಿಡಿತ ಹೋಯಿತು, ಓರೆ ತಪ್ಪು ದೊಡ್ಡದಾಯಿತು. ಬೋರ್ ಆಗಲೇ ಇದೆ ಅಂದಿರಲ್ಲ? ಒಳಗಿನಿಂದ ಹಿಡಿಯಿರಿ.

---

ಲೇತ್‌ಮಂಜ · ಬುಧವಾರ, ರಾತ್ರಿ 9:42

ಅಯ್ಯೋ.

---

ವಿಎಂಸಿ_ವೀಣಾ · ಬುಧವಾರ, ರಾತ್ರಿ 10:05

ಅದೇ ಸಿಲಿಂಡರ್ ಸಾಕು. ಒಳಗೆ ಮುಚ್ಚುವ ಬದಲು ಹೊರಗೆ ಅಗಲಿಸುವಂತೆ ಗಾಳಿ ಕೊಡಿ. ಬೆರಳು ಪ್ರಿಂಟ್ ಮಾಡಬೇಡಿ, ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ರಾಡ್ ತನ್ನಿ. ಬೋರ್ ಫಿನಿಶ್ ಆಗಿದೆ, ಲೋಹದ ಬೆರಳು ಗೀರುತ್ತದೆ. ಡೆಲ್ರಿನ್ ಕೂಲೆಂಟ್‌ಗೆ ಹೆದರುವುದಿಲ್ಲ. ರಾಡನ್ನು ಎರಡು ಹೋಳು ಮಾಡಿ, ನಡುವೆ 2 ಎಂಎಂ ಪ್ಯಾಕಿಂಗ್ ಇಟ್ಟು, ಹಾಗೇ ಕಚ್ಚಿ 26ಕ್ಕೆ ಟರ್ನ್ ಮಾಡಿ. ಸಾಫ್ಟ್ ಜಾ ಬೋರ್ ಮಾಡುತ್ತೀರಲ್ಲ, ಅದೇ ಬುದ್ಧಿ. ಮೂತಿಗೆ ಒಳ್ಳೆ ಚೇಂಫರ್ (ಓರೆ ಅಂಚು) ಕೊಡಿ. ಲೇತ್ ಮನೆಯಲ್ಲಿ ಮೂರಿಟ್ಟುಕೊಂಡು ಪ್ರಿಂಟರ್ ಹಿಂದೆ ಹೋದಿರಲ್ಲ, ಹೇಳಿ.

---

ಕಡಲತೀರ_ಮೇಕರ್ · ಬುಧವಾರ, ರಾತ್ರಿ 10:40

ಮೇಡಂ, ಪ್ರಿಂಟರನ್ನು ಅಷ್ಟು ಬಯ್ಯಬೇಡಿ. ಎಲ್ಲದಕ್ಕೂ ಪಿಎಲ್ಎ ಹಾಕಿದ್ದು ತಪ್ಪು. 60 ಡಿಗ್ರಿಗೆ ಅದು ಮೆತ್ತಗೆ. ಬೋಲ್ಟು ಬಿಗಿದಿಟ್ಟರೆ ತಣ್ಣಗಿದ್ದರೂ ವಾರದಲ್ಲಿ ತಾನೇ ತಗ್ಗಿ ಸಡಿಲ ಆಗುತ್ತದೆ. ಪಿಇಟಿಜಿ ಪ್ಲಾಸ್ಟಿಕ್ ಹಾಕಿ, ಬೋಲ್ಟಿನ ತೂತಿಗೆ ಲೋಹದ ಚಿಕ್ಕ ಕೊಳವೆ ಹಾಕಿ, ಬೆರಳನ್ನು ಮಲಗಿಸಿ ಪ್ರಿಂಟ್ ಮಾಡಿ. ನಿಲ್ಲಿಸಿ ಮಾಡಿದರೆ ಬಾಳೆದಿಂಡಿನ ಹಾಗೆ ಪದರ ಪದರ ಬಿಡುತ್ತದೆ. ಮೊದಲು ಪ್ರಿಂಟ್ ಮಾಡಿ ಆಕಾರ ನೋಡುವುದು, ಸರಿ ಕಂಡರೆ ಮತ್ತೆ ಲೋಹ. ನನ್ನ ಲೆಕ್ಕ ಅಷ್ಟೇ.

---

ವಿಎಂಸಿ_ವೀಣಾ · ಬುಧವಾರ, ರಾತ್ರಿ 10:52

ಅದನ್ನು ಒಪ್ಪುತ್ತೇನೆ. ಫ್ಲಾಂಜ್‌ಗೆ ಮುಟ್ಟುವ ಪ್ಲೇಟು ಮಾತ್ರ ಯಾವತ್ತೂ ಲೋಹದ್ದೇ ಇರಲಿ. ಇದರಲ್ಲಿ ಚೌಕಾಸಿ ಇಲ್ಲ.

---

ಸ್ಟುಟ್‌ಗಾರ್ಟ್ ಕನ್ನಡಿಗ · ಗುರುವಾರ, ಮಧ್ಯಾಹ್ನ 1:30

ಒಳಗಿನಿಂದ ಹಿಡಿಯುವ ಮಾತು ಬಂದಾಗ ಕೆನಡಾರ್ಮ್ ನೆನಪಾಯಿತು. 1981ರ ನವೆಂಬರ್‌ನಲ್ಲಿ ಸ್ಪೇಸ್ ಶಟಲ್ ಜೊತೆ ಮೊದಲ ಸಲ ಹೋದ ತೋಳು. ಅದರ ತುದಿಯಲ್ಲಿ ಬೆರಳೇ ಇಲ್ಲ. ಒಂದು ಕೊಳವೆ, ಒಳಗೆ ಮೂರು ತಂತಿ. ಉಪಗ್ರಹದ ಮೇಲೆ ಒಂದು ಕಡ್ಡಿ ಮೊದಲೇ ಕೂರಿಸಿರುತ್ತಾರೆ. ತಂತಿಗಳು ತಿರುಗಿ ಆ ಕಡ್ಡಿಗೆ ಕುಣಿಕೆ ಹಾಕುತ್ತವೆ. ಎಂಥ ವಸ್ತುವನ್ನೂ ಹಿಡಿಯುವ ಕೈ ಮಾಡುವ ಬದಲು ವಸ್ತುವಿಗೇ ಹಿಡಿ ಇಟ್ಟರು. ನಿಮ್ಮ ಬುಷ್‌ಗೆ ಹಿಡಿ ಪುಕ್ಕಟೆ ಸಿಕ್ಕಿದೆ.

ಈಗ ಬೇಸರದ ವಿಷಯ ಎರಡು. ಒಂದು, ವಾಲ್ವ್. ಫೋಟೋದಲ್ಲಿ ಇರುವುದು ಒಂದೇ ಕಾಯಿಲಿನ ಸ್ಪ್ರಿಂಗ್ ವಾಲ್ವ್. ಕರೆಂಟ್ ಹೋದರೆ ಸ್ಪ್ರಿಂಗು ವಾಪಸ್ ತಳ್ಳುತ್ತದೆ, ಗ್ರಿಪ್ಪರ್ ಬಿಡುತ್ತದೆ, ಬುಷ್ ಕಾಲ ಮೇಲೆ. ಎರಡು ಕಾಯಿಲಿನ 5/2 (ಐದು ಬಾಯಿ, ಎರಡು ಸ್ಥಿತಿ) ವಾಲ್ವ್ ಹಾಕಿ. ಕರೆಂಟ್ ಹೋದರೂ ಇದ್ದಲ್ಲೇ ಇರುತ್ತದೆ. ಕಂಪ್ರೆಸರ್ ನಿಂತರೂ ಗಾಳಿ ಉಳಿಯಲಿ ಅಂತ ಲೈನಿಗೆ ಒಂದು ಚೆಕ್ ವಾಲ್ವ್ (ಗಾಳಿ ಹಿಂದಕ್ಕೆ ಬಿಡದ್ದು).

ಎರಡು, ಆ 6 ಎಂಎಂ ಪಿಯು ಗಾಳಿ ಟ್ಯೂಬು. ಅದನ್ನು ತೋಳಿಗೆ ಬಿಗಿಯಾಗಿ ಟೈ ಕಟ್ಟಿದ್ದೀರಿ. ಮಣಿಕಟ್ಟು ಒಂದು ಸುತ್ತು ತಿರುಗಿದರೆ ಎಳೆದು ಕೀಳುತ್ತದೆ. ಕೊನೆಯ ಎರಡು ಕೀಲುಗಳ ಹತ್ತಿರ ದೊಡ್ಡ ಕುಣಿಕೆ ಬಿಡಿ. ಪ್ರೋಗ್ರಾಂ ಪೂರ್ತಿ ಒಂದು ಸಲ ಬಹಳ ನಿಧಾನಕ್ಕೆ ಓಡಿಸಿ, ಕಣ್ಣು ಟ್ಯೂಬಿನ ಮೇಲೆ ಮಾತ್ರ ಇರಲಿ.

ಹಾಂ, ಇದು ಮನುಷ್ಯರ ಪಕ್ಕದಲ್ಲಿ ನಡೆಯುವ ತೋಳು, ಬೇಲಿ ಬೇಡ ಅಂತ ಮಾರುತ್ತಾರೆ. ತೋಳಿಗೆ ಅದು ನಿಜ ಇರಬಹುದು. ತುದಿಗೆ ನೀವು ಚೂಪಾದದ್ದು ಕಟ್ಟಿದ ಕ್ಷಣ ಆ ಮಾತು ಮುಗಿಯಿತು. ಇಂಥ ತೋಳುಗಳ ಸುರಕ್ಷತೆ ಬಗ್ಗೆ 2016ರಲ್ಲಿ ಬಂದ ಐಎಸ್ಒ/ಟಿಎಸ್ 15066 ಕೂಡ ಟೂಲು, ಅದು ಹಿಡಿದ ವಸ್ತು ಎಲ್ಲ ಸೇರಿಸಿಯೇ ನೋಡು ಅನ್ನುತ್ತದೆ. ಎಲ್ ಪ್ಲೇಟಿನ ಮೂಲೆಗಳನ್ನಾದರೂ ಇವತ್ತೇ ಉರುಟು ಮಾಡಿ.

---

ಹುಬ್ಳಿ_ಹುಡುಗ · ಶುಕ್ರವಾರ, ರಾತ್ರಿ 11:10

ಕಡಲತೀರದ ಅಣ್ಣಾ, 10 ಆಂಪ್ಸ್ ಸಪ್ಲೈ, ಸ್ಪ್ರಿಂಗು ಎರಡೂ ಹಾಕಿದೆ. ರೀಸೆಟ್ ಇಲ್ಲ, ನಡುಗುವುದೂ ಇಲ್ಲ. ಮೊದಲ ಸಲ ಗ್ರೌಂಡ್ ಸೇರಿಸೋದು ಮರೆತಿದ್ದೆ. ನೀವು ಹೇಳಿದ ಹಂಗ ಕುಣೀತು. ಗೈಡ್ ಸರ್ ಕಾಫಿ ಬಲೂನ್ ನೋಡಿ, ಇದನ್ನೂ ಡೆಮೋದಾಗ ತೋರಿಸು ಅಂದಾರ್ರಿ. ಮನೆಯಾಗ ಎಲ್ಲರೂ ಚಹಾ ಕುಡಿಯೋರು. ಚಹಾಪುಡಿ ನಡೀತೈತೇನ್ರಿ ಮೇಷ್ಟ್ರೇ?

---

ಹಾಸನದ ಮೇಷ್ಟ್ರು · ಶನಿವಾರ, ಬೆಳಿಗ್ಗೆ 6:50

ಮಾಡಿ ನೋಡಿ ನೀನೇ ಬರಿ. ವೈವಾದಲ್ಲಿ ಆ ಪ್ರಶ್ನೆ ಬಂದರೆ ಉತ್ತರ ನಿನ್ನ ಹತ್ತಿರವೇ ಇರುತ್ತದೆ.

---

ಲೇತ್‌ಮಂಜ · ಭಾನುವಾರ, ಸಂಜೆ 5:20

ಡೆಲ್ರಿನ್ ಬೆರಳು ಮಾಡಿದೆ. ಮೊದಲ ಜೋಡಿ ಪೂರ್ತಿ ಮುಚ್ಚಿದರೂ ಬೋರಿನೊಳಗೆ ಹೋಗಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ವರ್ನಿಯರ್ ಇಟ್ಟರೆ ಒಂದು ದಿಕ್ಕಿಗೆ 24, ಸರಿ. ಅದರ ಅಡ್ಡಕ್ಕೆ ಇಟ್ಟರೆ 25.9! ಹೋಳುಗಳು ಹತ್ತಿರ ಬರುವುದು ಒಂದೇ ದಿಕ್ಕಿಗೆ ತಾನೇ. ಸೀಳಿನ ಪಕ್ಕದ ಮೂಲೆಗಳು ಇದ್ದಲ್ಲೇ ಇರುತ್ತವೆ. ಫೈಲ್ ಹಾಕಿ ಆ ಮೂಲೆಗಳನ್ನು ಒಂದೂವರೆ ಎಂಎಂ ತೆಗೆದೆ. ಸಲೀಸಾಗಿ ಇಳಿಯಿತು. ಮೇಡಂ, ಇದು ಗೊತ್ತಿದ್ದೂ ಹೇಳಲಿಲ್ಲ ಅಲ್ವಾ ನೀವು?

ಈಗ ಬೆರಳು 40 ಎಂಎಂ. ಎಲ್ ಪ್ಲೇಟೂ ಚಿಕ್ಕದು ಮಾಡಿದೆ, ಮೂಲೆ ಉರುಟು ಮಾಡಿದೆ. ಗ್ರಿಪ್ಪರ್ 980 ಗ್ರಾಂಗೆ ಇಳಿಯಿತು. ಹೊಸ ತೂಕ, ಹೊಸ ಸೆಂಟರ್ ಪಾಯಿಂಟ್ ಎಲ್ಲ ಮತ್ತೆ ಹಾಕಿದೆ. ಸೂಜಿ ಪರೀಕ್ಷೆಗೆ ಮನೆಯವರನ್ನೂ ಶೆಡ್‌ಗೆ ಕರೆದು ತೋರಿಸಿದೆ. ಅವರಿಗೆ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ಸ್ಟುಟ್‌ಗಾರ್ಟ್‌ನವರು ಹೇಳಿದ ಖುಷಿ ಆಯಿತು.

ನಿನ್ನೆ ಆರು ಗಂಟೆ ಓಡಿಸಿದೆ. ಒಂದೂ ಬೀಳಲಿಲ್ಲ. ಎರಡು ಸಲ ಮಾತ್ರ ಬುಷ್ ಚಕ್‌ನಲ್ಲಿ ಸರಿಯಾಗಿ ಕೂರಲಿಲ್ಲ. ನೋಡಿದರೆ ಚಕ್ಕಿನ ಜಾ ಒಂದಕ್ಕೆ ಚಿಪ್ಸ್ (ಲೋಹದ ಸಿಪ್ಪೆ) ಸುತ್ತಿಕೊಂಡಿತ್ತು. ಗ್ರಿಪ್ಪರ್ ಪಕ್ಕದಲ್ಲೇ ಒಂದು ಏರ್ ನಾಝಲ್ ಕಟ್ಟಿ, ಬುಷ್ ಕೊಡುವ ಮೊದಲು ಊದಿಸಬೇಕು ಅಂತಿದ್ದೇನೆ. ಅದಕ್ಕೆ ಇನ್ನೊಂದು ಟ್ಯೂಬು, ಇನ್ನೊಂದು ಕುಣಿಕೆ.

---

ವಿಎಂಸಿ_ವೀಣಾ · ಭಾನುವಾರ, ಸಂಜೆ 6:00

ಮೂಲೆ ವಿಷಯ ನಿಜವಾಗಿ ಮರೆತೆ. ಬೇಕಂತ ಬಿಟ್ಟದ್ದಲ್ಲ, ನಂಬಿ.

ನಾಝಲ್ ಓರೆಯಾಗಿ ಇಡಿ. ನೇರ ಊದಿದರೆ ಚಿಪ್ಸ್ ಸ್ಪಿಂಡಲ್ ಒಳಗೆ ಹೋಗುತ್ತದೆ. ಕಟ್ಟಿದ ಮೇಲೆ ತೂಕ ಮತ್ತೆ ಹಾಕಲು ಮರೆಯಬೇಡಿ.

---

ಕಡಲತೀರ_ಮೇಕರ್ · ಭಾನುವಾರ, ರಾತ್ರಿ 8:30

ಮಂಜಣ್ಣ, ಆ ಹಳೇ 120 ಎಂಎಂ ಬೆರಳಿನ ಫೈಲ್ ಉಂಟಲ್ಲ, ಅದನ್ನು ಇಲ್ಲಿ ಹಾಕ್ತೀರಾ? ನನ್ನ ಚಿಕ್ಕ ತೋಳಿಗೆ ಅರ್ಧ ಗಾತ್ರದಲ್ಲಿ ಪ್ರಿಂಟ್ ಮಾಡಿ ನೋಡ್ತೇನೆ. ನಾನು ಎತ್ತುವುದು ಬರೀ ಬೆಂಕಿಪೊಟ್ಟಣ.

---

ಲೇತ್‌ಮಂಜ · ಭಾನುವಾರ, ರಾತ್ರಿ 8:45

ಫೈಲ್ ಯಾಕೆ, ಬೆರಳನ್ನೇ ಕೊರಿಯರ್ ಮಾಡುತ್ತೇನೆ. ನಾಲ್ಕು ಜೋಡಿ ಬಿದ್ದಿವೆ. ಅದರಲ್ಲಿ ಎರಡು ನೆಟ್ಟಗಿವೆ.